ದೂರದ ಕಣ್ಣು, ಹತ್ತಿರದ ಕೈ

ರೋಗಿಯು ವೈದ್ಯನ ಬಳಿಗೆ ಹೋಗಬೇಕು. ಇಲ್ಲವೇ ವೈದ್ಯನು ರೋಗಿಯ ಬಳಿಗೆ ಬರಬೇಕು. ಸಾವಿರಾರು ವರ್ಷಗಳಿಂದ ಚಿಕಿತ್ಸೆಗೆ ಇದ್ದ ದಾರಿಗಳು ಇವೆರಡೇ. ವೈದ್ಯನು ನಾಡಿ ಹಿಡಿದು ನೋಡುತ್ತಿದ್ದನು. ಹೊಟ್ಟೆಯನ್ನು ಒತ್ತಿ ಪರೀಕ್ಷಿಸುತ್ತಿದ್ದನು. ರೋಗಿಯು ಹೇಳುವುದನ್ನು ಕಿವಿಗೊಟ್ಟು ಕೇಳುತ್ತಿದ್ದನು. ಇವೆಲ್ಲಕ್ಕೂ ಇಬ್ಬರೂ ಒಂದೇ ಸ್ಥಳದಲ್ಲಿರುವುದು ಅನಿವಾರ್ಯವಾಗಿತ್ತು. ನಮ್ಮ ಕಾಲದಲ್ಲಿ ಮೂರನೆಯ ದಾರಿಯೊಂದು ತೆರೆದಿದೆ. ರೋಗಿಯು ತನ್ನ ಊರಿನಲ್ಲಿಯೇ ಇರುತ್ತಾನೆ. ವೈದ್ಯರು ನೂರಾರು ಕಿಲೋಮೀಟರ್ ದೂರದ ನಗರದಲ್ಲಿರುತ್ತಾರೆ. ದೂರವಾಣಿಯ ಮೂಲಕವೋ ವಿಡಿಯೋ ಪರದೆಯ ಮೂಲಕವೋ ಇಬ್ಬರೂ ಮಾತನಾಡುತ್ತಾರೆ. ಇದಕ್ಕೆ ದೂರಸಮಾಲೋಚನೆ ಎಂದು ಹೆಸರು.

ಹೊಸ ಸಾಧನವೊಂದು ಬಂದಾಗ ಅದರಿಂದ ಎಲ್ಲವೂ ಸಾಧ್ಯ ಎಂದು ನಂಬುವವರುಂಟು. ಅದರಿಂದ ಏನೂ ಆಗದು ಎಂದು ತಳ್ಳಿಹಾಕುವವರೂ ಉಂಟು. ಎರಡೂ ತಪ್ಪೇ. ದೂರಸಮಾಲೋಚನೆಯಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ತಿಳಿಯಲು ಮೂತ್ರಾಂಗಗಳ ಚಿಕಿತ್ಸೆಯು ಒಳ್ಳೆಯ ಉದಾಹರಣೆಯಾಗಿದೆ. ಈ ರೋಗಗಳಲ್ಲಿ ಕೆಲವನ್ನು ಕೇವಲ ಮಾತಿನಿಂದ ಅರಿಯಬಹುದು. ಕೆಲವನ್ನು ಮುಟ್ಟದೆ ಅರಿಯಲಾಗದು. ಮತ್ತೆ ಕೆಲವು ಮಾತುಕತೆಗೂ ಸಮಯ ಕೊಡದಷ್ಟು ಅವಸರದವು.

ಮೊದಲು ಮೂತ್ರಾಂಗಗಳ ಪರಿಚಯವನ್ನು ಮಾಡಿಕೊಳ್ಳುವುದು ಒಳಿತು. ನಮ್ಮ ಬೆನ್ನಿನ ಇಕ್ಕೆಲಗಳಲ್ಲಿ, ಪಕ್ಕೆಲುಬುಗಳ ಕೆಳಗೆ, ಅವರೆಕಾಳಿನ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವುಗಳಿಗೆ ನೆಫ್ರಾನ್‌ಗಳೆಂದು ಹೆಸರು. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವು ಇವುಗಳ ಮೂಲಕ ಸೋಸಿ ಹೋಗುತ್ತದೆ. ಅದರ ಬಹುಪಾಲನ್ನು ಶರೀರವು ಮರಳಿ ಹೀರಿಕೊಳ್ಳುತ್ತದೆ. ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಉಳಿಯುತ್ತದೆ. ಅದು ಮೂತ್ರನಾಳಗಳೆಂಬ ಎರಡು ಸಪೂರ ಕೊಳವೆಗಳ ಮೂಲಕ ಮೂತ್ರಕೋಶಕ್ಕೆ ಇಳಿದು, ಅಲ್ಲಿ ಸಂಗ್ರಹವಾಗಿ, ಬಳಿಕ ಹೊರಹೋಗುತ್ತದೆ. ಈ ಮಾರ್ಗದಲ್ಲಿ ಎಲ್ಲಿಯಾದರೂ ಕಲ್ಲು ಕಟ್ಟಿದರೆ, ಸೋಂಕು ತಗಲಿದರೆ, ಗಂಟು ಬೆಳೆದರೆ ಅಥವಾ ದಾರಿ ಕಿರಿದಾದರೆ ರೋಗವು ತಲೆದೋರುತ್ತದೆ. ಇಂತಹ ರೋಗಗಳ ಚಿಕಿತ್ಸೆಗೆ ಮೀಸಲಾದ ವೈದ್ಯಶಾಖೆಯೇ ಯುರಾಲಜಿ, ಅಂದರೆ ಮೂತ್ರರೋಗಶಾಸ್ತ್ರ. ಪುರುಷರ ಜನನಾಂಗಗಳ ರೋಗಗಳೂ ಇದರ ವ್ಯಾಪ್ತಿಗೆ ಸೇರುತ್ತವೆ.

ಈ ಶಾಖೆಯು ಬಹು ಪ್ರಾಚೀನವಾದುದು. ಮೂತ್ರಕೋಶದ ಕಲ್ಲನ್ನು ಶಸ್ತ್ರಕ್ರಿಯೆಯಿಂದ ತೆಗೆಯುವ ವಿಧಾನವನ್ನು ಸುಶ್ರುತ ಸಂಹಿತೆಯು ವಿವರಿಸುತ್ತದೆ. ಇನ್ನೊಂದು ಸಂಗತಿಯು ಅಚ್ಚರಿಯನ್ನುಂಟುಮಾಡುವಂಥದು. ರೋಗಿಯನ್ನು ನೋಡದೆಯೇ ದೂರದಿಂದ ರೋಗವನ್ನು ಹೇಳುವ ಪದ್ಧತಿಯು ದೂರವಾಣಿ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಮೂತ್ರರೋಗಗಳ ವಿಷಯದಲ್ಲಿ ಬಳಕೆಯಲ್ಲಿತ್ತು!

ಮಧ್ಯಯುಗದ ಯೂರೋಪಿನಲ್ಲಿ ವೈದ್ಯರು ಮಟುಲಾ ಎಂಬ ಗಾಜಿನ ಬುರುಡೆಯನ್ನು ಉಪಯೋಗಿಸುತ್ತಿದ್ದರು. ರೋಗಿಯ ಮೂತ್ರವನ್ನು ಅದರಲ್ಲಿ ತುಂಬಿ, ಬೆಳಕಿಗೆ ಹಿಡಿದು, ಅದರ ಬಣ್ಣ, ತಿಳಿತನ, ಗಷ್ಟುಗಳನ್ನು ಪರೀಕ್ಷಿಸುತ್ತಿದ್ದರು. ಬಣ್ಣಗಳನ್ನು ಹೋಲಿಸಿ ನೋಡಲು ಅವರ ಗ್ರಂಥಗಳಲ್ಲಿ ವರ್ಣಚಕ್ರಗಳೇ ಇದ್ದವು. ಕ್ರಮೇಣ, ರೋಗಿಯು ಬರದಿದ್ದರೂ ಚಿಂತೆಯಿಲ್ಲ, ಬುರುಡೆ ಬಂದರೆ ಸಾಕು ಎಂಬ ಸ್ಥಿತಿಯುಂಟಾಯಿತು. ಸೇವಕನೊಬ್ಬನು ಬುರುಡೆಯನ್ನು ಹೊತ್ತು ತರುತ್ತಿದ್ದನು. ವೈದ್ಯನು ಅದನ್ನು ನೋಡಿ ರೋಗದ ಹೆಸರನ್ನೂ ಮದ್ದನ್ನೂ ಹೇಳಿ ಕಳುಹಿಸುತ್ತಿದ್ದನು. ಮುಂದೆ ಈ ಪದ್ಧತಿಯು ಕಪಟಿಗಳ ಕೈಗೆ ಸಿಕ್ಕಿತು. ಅವರು ಬುರುಡೆಯನ್ನು ನೋಡಿ ಎಲ್ಲ ರೋಗಗಳನ್ನೂ, ಭವಿಷ್ಯವನ್ನೂ ಹೇಳತೊಡಗಿದರು. 1637ರಲ್ಲಿ ಇಂಗ್ಲೆಂಡಿನ ವೈದ್ಯನಾದ ಥಾಮಸ್ ಬ್ರಯನ್ ಎಂಬಾತನು ಇಂಥವರ ಮೋಸವನ್ನು ಬಯಲಿಗೆಳೆದು ಪುಸ್ತಕವೊಂದನ್ನೇ ಬರೆದನು.

ಆ ಪದ್ಧತಿಯು ಏಕೆ ಸೋತಿತು? ಮೂತ್ರದಿಂದ ರೋಗವು ತಿಳಿಯುವುದಿಲ್ಲವೆಂದಲ್ಲ. ಇಂದಿನ ಪ್ರಯೋಗಾಲಯಗಳಲ್ಲಿಯೂ ಮೂತ್ರಪರೀಕ್ಷೆಗೆ ಮಹತ್ತ್ವದ ಸ್ಥಾನವಿದೆ. ಅದು ಸೋತದ್ದು, ವೈದ್ಯನು ಬುರುಡೆಯನ್ನು ಕಂಡು ಮನುಷ್ಯನನ್ನು ಮರೆತದ್ದರಿಂದ. ರೋಗಿಯನ್ನು ಪ್ರಶ್ನಿಸುವವರಿರಲಿಲ್ಲ, ಅವನ ಮೈ ಮುಟ್ಟಿ ನೋಡುವವರಿರಲಿಲ್ಲ, ಹೇಳಿದ್ದು ಸರಿಯೋ ತಪ್ಪೋ ಎಂದು ಮುಂದೆ ವಿಚಾರಿಸುವವರೂ ಇರಲಿಲ್ಲ. ಈ ಹಳೆಯ ಕಥೆಯನ್ನು ನೆನಪಿನಲ್ಲಿಟ್ಟುಕೊಂಡರೆ ಇಂದಿನ ದೂರಸಮಾಲೋಚನೆಯ ಗುಣದೋಷಗಳು ಚೆನ್ನಾಗಿ ಅರ್ಥವಾಗುತ್ತವೆ.

ಯಂತ್ರಗಳ ನೆರವಿನ ದೂರವೈದ್ಯಕ್ಕೆ ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. 1876ರಲ್ಲಿ ಅಲೆಗ್ಸಾಂಡರ್ ಗ್ರಹಾಂ ಬೆಲ್ ದೂರವಾಣಿಗೆ ಹಕ್ಕುಪತ್ರ ಪಡೆದನು. 1905ರಲ್ಲಿ ನೆದರ್‌ಲೆಂಡ್ಸ್ ದೇಶದ ಲೈಡನ್ ನಗರದಲ್ಲಿ ವಿಲ್ಲೆಮ್ ಐಂಥೋವನ್ ಎಂಬ ವಿಜ್ಞಾನಿಯು, ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ವಿದ್ಯುತ್ ಸಂಕೇತಗಳನ್ನು ದೂರವಾಣಿಯ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡನು. ನಮ್ಮ ದೇಶದಲ್ಲಿ 2001ರಲ್ಲಿ ಇಸ್ರೋ ಸಂಸ್ಥೆಯು ಉಪಗ್ರಹಗಳ ಮೂಲಕ ನಗರದ ದೊಡ್ಡ ಆಸ್ಪತ್ರೆಗಳನ್ನು ದೂರದ ಊರುಗಳ ಆಸ್ಪತ್ರೆಗಳೊಡನೆ ಜೋಡಿಸುವ ಕಾರ್ಯವನ್ನು ಕೈಗೊಂಡಿತು. ಕರ್ನಾಟಕದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ ಹೀಗೆ ಬೆಂಗಳೂರಿನ ಹೃದ್ರೋಗ ತಜ್ಞರೊಡನೆ ಸಂಪರ್ಕ ಪಡೆದವು.

2020ರಲ್ಲಿ ಕೋವಿಡ್ ಮಹಾಮಾರಿಯು ಹರಡಿ, ಜನರು ಮನೆಯಿಂದ ಹೊರಬರಲಾಗದ ಕಾಲ ಬಂದಿತು. ಆಗ ದೂರಸಮಾಲೋಚನೆಯು ಅನುಕೂಲವಾಗಿ ಉಳಿಯದೆ ಅಗತ್ಯವಾಯಿತು. ಆ ವರ್ಷದ ಮಾರ್ಚ್ 25ರಂದು ಭಾರತದಲ್ಲಿ ದೂರವೈದ್ಯಕ್ಕೆ ಸಂಬಂಧಿಸಿದ ಅಧಿಕೃತ ಮಾರ್ಗಸೂಚಿಯು ಪ್ರಕಟವಾಯಿತು. 2019ರಲ್ಲಿಯೇ ಆರಂಭವಾಗಿದ್ದ ಇ-ಸಂಜೀವಿನಿ ಎಂಬ ಸರ್ಕಾರಿ ಸೇವೆಯು 2020ರ ಏಪ್ರಿಲಿನಲ್ಲಿ ಮನೆಯಲ್ಲಿರುವ ರೋಗಿಗಳಿಗೂ ದೊರೆಯತೊಡಗಿತು. 2023ರ ಫೆಬ್ರವರಿಯ ವೇಳೆಗೆ ಈ ಸೇವೆಯ ಮೂಲಕ ನಡೆದ ಸಮಾಲೋಚನೆಗಳ ಸಂಖ್ಯೆ 10 ಕೋಟಿಯನ್ನು ದಾಟಿತು.

ದೂರಸಮಾಲೋಚನೆಯ ಪ್ರಯೋಜನವನ್ನು ಅರಿಯಲು ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯ ರೈತನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಬೇಸಗೆಯ ಉರಿಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವವನು ಅವನು. ಬೆವರಾಗಿ ಹೋದಷ್ಟು ನೀರನ್ನು ಅವನು ಮರಳಿ ಕುಡಿಯುವುದಿಲ್ಲ. ಮೂತ್ರವು ಗಟ್ಟಿಯಾಗುತ್ತದೆ, ಅದರಲ್ಲಿ ಕರಗಿರುವ ಲವಣಗಳು ಹರಳುಗಟ್ಟುತ್ತವೆ, ಹರಳು ಬೆಳೆದು ಕಲ್ಲಾಗುತ್ತದೆ. ಕಲ್ಲು ಮೂತ್ರನಾಳಕ್ಕೆ ಜಾರಿ ಸಿಕ್ಕಿಕೊಂಡಾಗ ಪಕ್ಕೆಯಿಂದ ತೊಡೆಸಂದಿನವರೆಗೆ ತಾಳಲಾರದ ನೋವು ಬರುತ್ತದೆ. ಅವನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಅಲ್ಲಿ ಕಲ್ಲನ್ನು ತೆಗೆಯುತ್ತಾರೆ. ಅವನು ಊರಿಗೆ ಮರಳುತ್ತಾನೆ. ಆದರೆ ಚಿಕಿತ್ಸೆಯು ಅಲ್ಲಿಗೇ ಮುಗಿಯುವುದಿಲ್ಲ. ಮತ್ತೆ ಮತ್ತೆ ವೈದ್ಯರನ್ನು ಕಾಣಬೇಕಾಗುತ್ತದೆ. ಊರಿಗೂ ಬೆಂಗಳೂರಿಗೂ ಸುಮಾರು 400 ಕಿಲೋಮೀಟರ್ ಅಂತರ. ಒಂದು ರಾತ್ರಿಯ ಪ್ರಯಾಣ, ಜೊತೆಗೆ ಬರುವವರ ಖರ್ಚು, ಇಬ್ಬರ ಎರಡು ದಿನಗಳ ದುಡಿಮೆಯ ನಷ್ಟ. ಇಷ್ಟೆಲ್ಲ ಆದ ಮೇಲೆ ವೈದ್ಯರೊಡನೆ ನಡೆಯುವ ಮಾತು ಹತ್ತು ನಿಮಿಷದ್ದು. ಹೀಗಾಗಿ ಅನೇಕರು ಎರಡನೆಯ ಭೇಟಿಗೆ ಹೋಗುವುದೇ ಇಲ್ಲ.

ಆ ಹತ್ತು ನಿಮಿಷಗಳ ಮಾತು ತಂತಿಯ ಮೇಲೆ ನಡೆಯಲಾರದೇ? ಎಷ್ಟೋ ಸಂದರ್ಭಗಳಲ್ಲಿ ನಡೆಯಬಲ್ಲದು. ಮೂತ್ರರೋಗಗಳ ಚಿಕಿತ್ಸೆಯಲ್ಲಿ ದೂರ ಸಾಗಬಲ್ಲ ಸಂಗತಿಗಳು ಮುಖ್ಯವಾಗಿ ಮೂರು: ರೋಗಿಯ ಮಾತು, ಪರೀಕ್ಷೆಯ ವರದಿ ಮತ್ತು ಚಿತ್ರ.

ಮೊದಲನೆಯದು ಮಾತು. ವಯಸ್ಸು ಐವತ್ತು ದಾಟಿದ ಪುರುಷರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯು ದೊಡ್ಡದಾಗಿ ಮೂತ್ರದ ದಾರಿಯನ್ನು ಒತ್ತುವುದು ಸಾಮಾನ್ಯ. ಇದರ ತೊಂದರೆ ಎಷ್ಟಿದೆಯೆಂದು ಅಳೆಯಲು ಏಳು ಪ್ರಶ್ನೆಗಳ ಪಟ್ಟಿಯೊಂದಿದೆ. ರಾತ್ರಿ ಎಷ್ಟು ಬಾರಿ ಏಳಬೇಕಾಗುತ್ತದೆ, ಧಾರೆ ಸಪೂರವಾಗಿದೆಯೇ, ನಿಂತು ನಿಂತು ಬರುತ್ತದೆಯೇ, ತಿಣುಕಬೇಕಾಗುತ್ತದೆಯೇ, ಪೂರ್ತಿ ಖಾಲಿಯಾಗಲಿಲ್ಲವೆನಿಸುತ್ತದೆಯೇ ಮುಂತಾದುವು ಆ ಪ್ರಶ್ನೆಗಳು. ಪ್ರತಿಯೊಂದು ಪ್ರಶ್ನೆಯ ಉತ್ತರಕ್ಕೆ 0ಯಿಂದ 5ರವರೆಗೆ ಅಂಕಗಳು. ಒಟ್ಟು 35 ಅಂಕಗಳಲ್ಲಿ 7ರವರೆಗೆ ಬಂದರೆ ತೊಂದರೆ ಅಲ್ಪ. 8ರಿಂದ 19ರವರೆಗೆ ಮಧ್ಯಮ. 20 ಮತ್ತು ಅದಕ್ಕಿಂತ ಹೆಚ್ಚಾದರೆ ತೀವ್ರ. ಈ ಪ್ರಶ್ನೆಗಳನ್ನು ಕೇಳಲು ವೈದ್ಯರು ರೋಗಿಯ ಎದುರಿಗೇ ಕುಳಿತಿರಬೇಕಾಗಿಲ್ಲ. ಹಾಗೆಯೇ ರೋಗಿಯು ಮೂರು ದಿನಗಳ ಕಾಲ ಎಷ್ಟು ನೀರು ಕುಡಿದೆ, ಯಾವ ಹೊತ್ತಿಗೆ ಎಷ್ಟು ಮೂತ್ರ ಹೋಯಿತು ಎಂಬುದನ್ನು ಅಳತೆಯ ಲೋಟದಿಂದ ಅಳೆದು ನೋಟ್‌ಪುಸ್ತಕದಲ್ಲಿ ಬರೆದಿಟ್ಟರೆ, ಅದು ವೈದ್ಯರಿಗೆ ಬಹು ಬೆಲೆಯುಳ್ಳ ಸಾಕ್ಷ್ಯವಾಗುತ್ತದೆ. ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಕ್ಕಳ ಚಿಕಿತ್ಸೆಯಲ್ಲಿಯೂ ಇಂತಹ ದಿನಚರಿಯು ಉಪಯುಕ್ತವಾಗಿದೆ.

ಎರಡನೆಯದು ವರದಿ. ಮೂತ್ರ ಮತ್ತು ರಕ್ತದ ಪರೀಕ್ಷೆಗಳನ್ನು ತಾಲ್ಲೂಕು ಕೇಂದ್ರದಲ್ಲಿಯೇ ಮಾಡಿಸಬಹುದು. ಅವುಗಳ ಅಂಕಿಗಳು ಕ್ಷಣಾರ್ಧದಲ್ಲಿ ತಜ್ಞರನ್ನು ತಲುಪುತ್ತವೆ. ಮೂರನೆಯದು ಚಿತ್ರ. ಅಲ್ಟ್ರಾಸೌಂಡ್, ಕ್ಷ-ಕಿರಣ ಮುಂತಾದುವುಗಳ ಚಿತ್ರಗಳು ಇಂದು ಹಾಳೆಯ ರೂಪದಲ್ಲಿಯೇ ಇರಬೇಕಾಗಿಲ್ಲ. ಅವು ಸಂಕೇತಗಳಾಗಿ ದೂರಕ್ಕೆ ಹೋಗಬಲ್ಲವು. ಶಸ್ತ್ರಕ್ರಿಯೆಯ ಗಾಯವು ಒಣಗಿದೆಯೇ, ಕೆಂಪಾಗಿದೆಯೇ ಎಂಬುದನ್ನು ಕೂಡ ವಿಡಿಯೋದಲ್ಲಿ ಬಹುಮಟ್ಟಿಗೆ ನೋಡಬಹುದು.

ಇದು ಬರಿಯ ಊಹೆಯಲ್ಲ. ಪರೀಕ್ಷಿಸಿ ನೋಡಿದ ವಿಷಯ. ಅಮೆರಿಕದ ಮೇಯೋ ಕ್ಲಿನಿಕ್ ಎಂಬ ಪ್ರಸಿದ್ಧ ಆಸ್ಪತ್ರೆಯ ವೈದ್ಯರು ಪ್ರಾಸ್ಟೇಟ್ ಕ್ಯಾನ್ಸರಿಗಾಗಿ ಶಸ್ತ್ರಕ್ರಿಯೆಗೊಳಗಾಗಿದ್ದ 55 ಮಂದಿಯ ಮೇಲೆ ನಡೆಸಿದ ಅಧ್ಯಯನವು 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ಕೆಲವರು ವಿಡಿಯೋ ಮೂಲಕ, ಉಳಿದವರು ಆಸ್ಪತ್ರೆಗೆ ಬಂದು ವೈದ್ಯರನ್ನು ಕಂಡರು. ಯಾರು ಯಾವ ಗುಂಪಿಗೆ ಸೇರಬೇಕೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು. ಎರಡೂ ಗುಂಪಿನವರ ತೃಪ್ತಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವು ಕಾಣಲಿಲ್ಲ. ವಿಡಿಯೋ ಗುಂಪಿನವರಿಗೆ ಖರ್ಚು ಕಡಿಮೆಯಾಯಿತು. ಆದರೆ ಅವರೆಲ್ಲರೂ ಆಗಲೇ ರೋಗನಿರ್ಣಯವಾಗಿ, ಶಸ್ತ್ರಕ್ರಿಯೆಯಾಗಿ, ಮುಂದಿನ ವಿಚಾರಣೆಗಾಗಿ ಬಂದವರು ಎಂಬುದನ್ನು ಮರೆಯಬಾರದು. ಮೊದಲ ಬಾರಿಗೆ ರೋಗವನ್ನು ಕಂಡುಹಿಡಿಯುವುದು ಬೇರೆ. ತಿಳಿದ ರೋಗಿಯನ್ನು ಮತ್ತೆ ವಿಚಾರಿಸುವುದು ಬೇರೆ.

ಈಗ ದೇವದುರ್ಗದ ರೈತನ ಕಡೆಗೆ ಹಿಂದಿರುಗೋಣ. ಶಸ್ತ್ರಕ್ರಿಯೆಯಾದ ಮೂರು ವಾರಗಳ ಮೇಲೆ ಆಸ್ಪತ್ರೆಯಿಂದ ಅವನಿಗೆ ಕರೆ ಬರುತ್ತದೆ ಎಂದು ಭಾವಿಸೋಣ. "ಹೇಗಿದ್ದೀರಿ ಯಜಮಾನರೇ?" ಎಂದು ವೈದ್ಯರು ಕೇಳುತ್ತಾರೆ. "ಆರಾಮ ಇದ್ದೀನ್ರಿ ಡಾಕ್ಟ್ರೆ, ನೋವು ಗೀವು ಏನೂ ಇಲ್ರಿ" ಎನ್ನುತ್ತಾನೆ ರೈತ. ನೋವಿಲ್ಲದ ಮೇಲೆ ರೋಗವೂ ಇಲ್ಲವೆಂಬುದು ಅವನ ನಂಬಿಕೆ. ಆದರೆ ವೈದ್ಯರ ಮುಂದಿರುವ ದಾಖಲೆಯು ಬೇರೊಂದು ಸಂಗತಿಯನ್ನು ಹೇಳುತ್ತದೆ. ಕಲ್ಲನ್ನು ತೆಗೆದ ಬಳಿಕ ಮೂತ್ರವು ಸರಾಗವಾಗಿ ಹರಿಯಲೆಂದು ಅವನ ಮೂತ್ರನಾಳದಲ್ಲಿ ಸಪೂರವಾದ ಮೆದು ಕೊಳವೆಯೊಂದನ್ನು ಇಟ್ಟಿರುತ್ತಾರೆ. ಅದರ ಎರಡು ತುದಿಗಳೂ ಇಂಗ್ಲಿಷಿನ 'ಜೆ' ಅಕ್ಷರದಂತೆ ಬಾಗಿರುವುದರಿಂದ ಅದಕ್ಕೆ ಡಬಲ್ ಜೆ ಸ್ಟೆಂಟ್ ಎಂದು ಹೆಸರು. ಹೊರಗೆ ಕಾಣದ ಈ ಕೊಳವೆಯನ್ನು ವೈದ್ಯರು ಹೇಳಿದ ಅವಧಿಯೊಳಗೆ ತೆಗೆಸಲೇಬೇಕು. ಮರೆತುಬಿಟ್ಟರೆ ತಿಂಗಳುಗಳು ಕಳೆದಂತೆ ಅದರ ಮೇಲೆಯೇ ಲವಣವು ಕಟ್ಟಿ ಕಲ್ಲಾಗುತ್ತದೆ, ಸೋಂಕು ಉಂಟಾಗುತ್ತದೆ, ಕೊನೆಗೆ ಮೂತ್ರಪಿಂಡವೇ ಕೆಡಬಹುದು. ಆರಾಮವಾಗಿದ್ದೇನೆಂದು ಮನೆಯಲ್ಲಿಯೇ ಉಳಿದು ಮೂತ್ರಪಿಂಡವನ್ನು ಕಳೆದುಕೊಂಡವರುಂಟು.

ಇಲ್ಲಿ ದೂರಸಮಾಲೋಚನೆಯ ಶಕ್ತಿಯೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಆ ಕೊಳವೆಯ ನೆನಪನ್ನು ಒಂದು ದೂರವಾಣಿ ಕರೆಯು ತಲುಪಿಸಬಲ್ಲದು, ಕೊಳವೆಯನ್ನು ಹೊರತೆಗೆಯಲಾರದು. ಅದನ್ನು ತೆಗೆಯಲು ರೋಗಿಯು ಆಸ್ಪತ್ರೆಗೆ ಬರಲೇಬೇಕು. ಆದ್ದರಿಂದ ಒಳ್ಳೆಯ ದೂರಸಮಾಲೋಚನೆಯೆಂದರೆ ಎಲ್ಲ ಪ್ರಯಾಣಗಳನ್ನೂ ತಪ್ಪಿಸುವಂಥದಲ್ಲ. ಬೇಡವಾದ ಪ್ರಯಾಣವನ್ನು ತಪ್ಪಿಸಿ, ಬೇಕಾದ ಪ್ರಯಾಣವನ್ನು ತಪ್ಪದೆ ಮಾಡಿಸುವಂಥದು.

ಹಾಗಾದರೆ ಯಾವ ಪ್ರಯಾಣವು ಬೇಕಾದುದು? ದೂರದಿಂದ ಮಾಡಲಾಗದ ಪರೀಕ್ಷೆಗಳು ಹಲವಿವೆ. ಪ್ರಾಸ್ಟೇಟ್ ಗ್ರಂಥಿಯು ಮೆದುವಾಗಿದೆಯೇ, ಗಡುಸಾಗಿದೆಯೇ ಎಂಬುದನ್ನು ವೈದ್ಯರು ಬೆರಳಿನಿಂದ ಮುಟ್ಟಿಯೇ ಅರಿಯಬೇಕು. ಮೂತ್ರಕೋಶದ ಒಳಮೈಯನ್ನು ನೋಡಲು ದೀಪವಿರುವ ನಳಿಕೆಯನ್ನು ಒಳಗೆ ಸಾಗಿಸಬೇಕು. ಇದಕ್ಕೆ ಸಿಸ್ಟೋಸ್ಕೋಪ್ ಎಂದು ಹೆಸರು. ಮೂತ್ರದಲ್ಲಿ ರಕ್ತ ಕಂಡರೆ ಈ ಪರೀಕ್ಷೆಯು ಅನೇಕ ವೇಳೆ ಬೇಕಾಗುತ್ತದೆ. ಬೀಟ್‌ರೂಟ್ ತಿಂದಾಗ ಮೂತ್ರವು ಕೆಂಪಾಗುವುದುಂಟು. ಆದರೆ ಕೆಂಪಾದುದೆಲ್ಲವೂ ಬೀಟ್‌ರೂಟಿನಿಂದಲೇ ಎಂದು ತಾವಾಗಿ ತೀರ್ಮಾನಿಸುವುದು ಅಪಾಯಕರ. ಅದರಲ್ಲಿಯೂ ನೋವಿಲ್ಲದೆ ರಕ್ತ ಬಂದು ತಾನಾಗಿಯೇ ನಿಂತುಹೋದರೆ ಜನರು ಅದನ್ನು ಕಡೆಗಣಿಸುತ್ತಾರೆ. ಮೂತ್ರಕೋಶದ ಕ್ಯಾನ್ಸರು ಹೀಗೆಯೇ ತನ್ನ ಮೊದಲ ಸೂಚನೆಯನ್ನು ಕೊಡುವುದುಂಟು. ಧೂಮಪಾನವು ಈ ಕ್ಯಾನ್ಸರಿಗೆ ಮುಖ್ಯ ಕಾರಣಗಳಲ್ಲೊಂದು.

ಇವುಗಳಿಗಿಂತಲೂ ಅವಸರದ ಸಂದರ್ಭಗಳಿವೆ. ಕಲ್ಲಿನ ನೋವಿನ ಜೊತೆಗೆ ಚಳಿಜ್ವರ ಬಂದರೆ, ಮುಚ್ಚಿಕೊಂಡ ಮೂತ್ರಪಿಂಡದಲ್ಲಿ ಸೋಂಕು ತುಂಬಿರಬಹುದು. ಗಂಟೆಗಳೊಳಗೆ ಪ್ರಾಣಕ್ಕೇ ಅಪಾಯವಾಗಬಹುದು. ಮೂತ್ರವು ಸಂಪೂರ್ಣವಾಗಿ ಕಟ್ಟಿಕೊಂಡು ಕಿಬ್ಬೊಟ್ಟೆ ಉಬ್ಬಿದರೆ, ನಳಿಕೆಯನ್ನು ಹಾಕಿ ಅದನ್ನು ಹೊರತೆಗೆಯಬೇಕು. ಇಂತಹ ಸಮಯದಲ್ಲಿ ಪರದೆಯ ಮುಂದೆ ಕುಳಿತುಕೊಳ್ಳುವುದಲ್ಲ, ಆಸ್ಪತ್ರೆಗೆ ಹೊರಡುವುದೇ ಸರಿ. ತುರ್ತು ಸಂದರ್ಭದಲ್ಲಿ ದೂರದ ವೈದ್ಯರು ಪ್ರಥಮ ಚಿಕಿತ್ಸೆಯ ಸಲಹೆಯನ್ನು ಕೊಟ್ಟು, ಆದಷ್ಟು ಬೇಗ ವೈದ್ಯರನ್ನು ಖುದ್ದಾಗಿ ಕಾಣುವಂತೆ ಹೇಳಬೇಕೆಂದು 2020ರ ಮಾರ್ಗಸೂಚಿಯೂ ವಿಧಿಸಿದೆ.

ಹದಿಹರೆಯದ ಹುಡುಗರು ವಿಶೇಷವಾಗಿ ತಿಳಿದಿರಬೇಕಾದ ತುರ್ತುಸ್ಥಿತಿಯೊಂದಿದೆ. ಕೆಲವೊಮ್ಮೆ ವೃಷಣವು ತನಗೆ ರಕ್ತವನ್ನು ತರುವ ನಾಳದ ಸುತ್ತ ಇದ್ದಕ್ಕಿದ್ದಂತೆ ತಿರುಚಿಕೊಳ್ಳುತ್ತದೆ. ರಕ್ತದ ಸಂಚಾರವು ನಿಲ್ಲುತ್ತದೆ. ಒಂದು ಬದಿಯಲ್ಲಿ ತಟ್ಟನೆ ಅತಿಯಾದ ನೋವು, ಬಾವು, ವಾಂತಿ ಕಾಣಿಸಿಕೊಳ್ಳುತ್ತವೆ. ಒಮ್ಮೊಮ್ಮೆ ಹುಡುಗನು ನೋವು ಹೊಟ್ಟೆಯಲ್ಲಿದೆಯೆಂದೇ ಹೇಳುವುದುಂಟು. ಸುಮಾರು 6 ಗಂಟೆಗಳೊಳಗೆ ಶಸ್ತ್ರಕ್ರಿಯೆಯಾದರೆ ಆ ಅಂಗವು ಬಹುತೇಕ ಉಳಿಯುತ್ತದೆ. ತಡವಾದಷ್ಟೂ ಉಳಿಯುವ ಆಸೆ ಕ್ಷೀಣಿಸುತ್ತದೆ. ಎಷ್ಟೋ ಹುಡುಗರು ನಾಚಿಕೆಯಿಂದ ಯಾರಿಗೂ ಹೇಳದೆ ರಾತ್ರಿಯೆಲ್ಲ ಹಲ್ಲು ಕಚ್ಚಿಕೊಂಡಿದ್ದು, ಬೆಳಗಾದ ಮೇಲೆ ಬಾಯಿಬಿಡುತ್ತಾರೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ. ಇಲ್ಲಿ ರೋಗಿಗೂ ಚಿಕಿತ್ಸೆಗೂ ನಡುವೆ ಅಡ್ಡವಾದುದು ಕಿಲೋಮೀಟರುಗಳ ದೂರವಲ್ಲ, ನಾಚಿಕೆಯ ದೂರ. ಮನೆಯಲ್ಲಿರುವ ತಂದೆಗೋ ತಾಯಿಗೋ, ವಿದ್ಯಾರ್ಥಿನಿಲಯದ ಮೇಲ್ವಿಚಾರಕರಿಗೋ ಆ ಕ್ಷಣವೇ ಹೇಳುವುದು ಇಂತಹ ಸಮಯದಲ್ಲಿ ಮೊದಲ ಕರ್ತವ್ಯವಾಗಿದೆ.

ನಾಚಿಕೆಯು ಮೂತ್ರರೋಗಗಳ ಜೊತೆಯಲ್ಲಿಯೇ ಬರುವ ಇನ್ನೊಂದು ರೋಗವೆಂದರೂ ತಪ್ಪಾಗದು. ಹೆರಿಗೆಯ ಬಳಿಕ ಕೆಮ್ಮಿದಾಗ, ಭಾರ ಎತ್ತಿದಾಗ ಮೂತ್ರ ಸೋರುವ ತೊಂದರೆಯನ್ನು ಎಷ್ಟೋ ಮಂದಿ ತಾಯಂದಿರು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡಿರುತ್ತಾರೆ. ಶಾಲೆಯಲ್ಲಿ ಶುಚಿಯಾದ ಶೌಚಾಲಯವಿಲ್ಲದಿದ್ದರೆ ಹುಡುಗಿಯರು ನೀರನ್ನೇ ಕುಡಿಯದೆ, ಮೂತ್ರವನ್ನು ತಡೆದುಕೊಂಡು ದಿನವಿಡೀ ಕುಳಿತಿರುತ್ತಾರೆ, ಉರಿಮೂತ್ರದಿಂದ ನರಳುತ್ತಾರೆ. ಇಂಥವರಿಗೆ ಎದುರಿಗೆ ಹೇಳಲಾಗದ ಮಾತನ್ನು ದೂರವಾಣಿಯಲ್ಲಿ ಹೇಳುವುದು ಸುಲಭವೆನಿಸಬಹುದು. ಆದರೆ ಆಸ್ಪತ್ರೆಯಲ್ಲಿ ಬಾಗಿಲು ಮುಚ್ಚಿದ ಕೋಣೆಯಿರುತ್ತದೆ. ಎರಡು ಕೋಣೆಗಳ ಮನೆಯಲ್ಲಿ ಆ ಏಕಾಂತವೆಲ್ಲಿ? ಮನೆಮಂದಿಯೆಲ್ಲ ಸುತ್ತ ಕುಳಿತಿರುವಾಗ ಸೊಸೆಯು ತನ್ನ ತೊಂದರೆಯನ್ನು ಬಿಚ್ಚಿ ಹೇಳಲಾರಳು. ಆದ್ದರಿಂದ ರೋಗಿಗೆ ಏಕಾಂತವನ್ನು ಒದಗಿಸಿಕೊಡುವುದು ಮನೆಯವರು ಮಾಡಬಹುದಾದ ಚಿಕಿತ್ಸೆಯ ಒಂದು ಭಾಗವೇ ಆಗಿದೆ.

ದೂರದ ತಜ್ಞರು ಎಷ್ಟೇ ನಿಪುಣರಾಗಿರಲಿ, ಹತ್ತಿರದ ಕೈಯೊಂದು ಇಲ್ಲದಿದ್ದರೆ ಅವರ ನೈಪುಣ್ಯವು ಅರ್ಧವಾಗುತ್ತದೆ. ಇ-ಸಂಜೀವಿನಿಯ ಏರ್ಪಾಡಿನಲ್ಲಿ ಇದಕ್ಕೆ ಅವಕಾಶವುಂಟು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿಯು ರೋಗಿಯ ಪಕ್ಕದಲ್ಲಿ ಕುಳಿತು ದೂರದ ವೈದ್ಯರೊಡನೆ ಸಂಪರ್ಕ ಕಲ್ಪಿಸುತ್ತಾರೆ. ಜ್ವರವನ್ನೂ ರಕ್ತದೊತ್ತಡವನ್ನೂ ಅಳೆಯುವುದು, ಪಟ್ಟಿಯೊಂದನ್ನು ಮೂತ್ರದಲ್ಲಿ ಅದ್ದಿ ಬಣ್ಣ ಬದಲಾಗುವುದನ್ನು ನೋಡುವುದು, ಕಿಬ್ಬೊಟ್ಟೆ ಉಬ್ಬಿದೆಯೇ ಎಂದು ಕೈಯಿಟ್ಟು ಪರೀಕ್ಷಿಸುವುದು ಇವೆಲ್ಲವೂ ಹತ್ತಿರದವರಿಂದ ಮಾತ್ರ ಸಾಧ್ಯ. ರೋಗಿಯು ತನ್ನ ಊರಿನ ಮಾತಿನಲ್ಲಿ ಹೇಳಿದ್ದನ್ನು ವೈದ್ಯರಿಗೆ ತಿಳಿಯುವಂತೆ, ವೈದ್ಯರು ಹೇಳಿದ್ದನ್ನು ರೋಗಿಗೆ ಮನಗಾಣುವಂತೆ ವಿವರಿಸುವವರೂ ಅವರೇ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಂತೆ ಜನರು ದೂರದ ದೊಡ್ಡ ವೈದ್ಯರನ್ನು ನೆನೆಯುತ್ತಾರೆ; ಪಕ್ಕದಲ್ಲಿ ಕುಳಿತವರನ್ನು ಮರೆಯುತ್ತಾರೆ. ನಿಜವಾಗಿ ನೋಡಿದರೆ, ಮಟುಲಾ ಬುರುಡೆಯ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ಮುಖ್ಯ ವ್ಯತ್ಯಾಸವು ತಂತಿಯಲ್ಲಿಲ್ಲ, ಪರದೆಯಲ್ಲಿಯೂ ಇಲ್ಲ. ರೋಗಿಯನ್ನು ಪ್ರಶ್ನಿಸುವ ಬಾಯಿಯಲ್ಲಿ, ಮುಟ್ಟಿ ನೋಡುವ ಹತ್ತಿರದ ಕೈಯಲ್ಲಿ, ಮರಳಿ ವಿಚಾರಿಸುವ ದಾಖಲೆಯಲ್ಲಿ ಇದೆ.

ಕಪಟಿಗಳ ವಿಷಯದಲ್ಲಿ ಮಾತ್ರ ಆ ಕಾಲಕ್ಕೂ ಈ ಕಾಲಕ್ಕೂ ಹೆಚ್ಚಿನ ಅಂತರವಿಲ್ಲ. ಪರದೆಯ ಮೇಲೆ ಕಾಣುವವರೆಲ್ಲರೂ ವೈದ್ಯರಲ್ಲ. ಅದಕ್ಕಾಗಿಯೇ ಮಾರ್ಗಸೂಚಿಯು ಕೆಲವು ನಿಯಮಗಳನ್ನು ಮಾಡಿದೆ. ವೈದ್ಯರ ಹೆಸರು, ವಿದ್ಯಾರ್ಹತೆ, ನೋಂದಣಿ ಸಂಖ್ಯೆಗಳು ರೋಗಿಗೆ ತಿಳಿದಿರಬೇಕು. ರೋಗಿಯ ಹೆಸರು, ವಯಸ್ಸುಗಳು ವೈದ್ಯರಿಗೆ ತಿಳಿದಿರಬೇಕು. ರೋಗಿಯ ಸಮ್ಮತಿಯಿರಬೇಕು. ರೋಗಿಯು ಬಾಲಕನೋ ಬಾಲಕಿಯೋ ಆಗಿದ್ದರೆ ಗುರುತು ಖಚಿತವಾದ ವಯಸ್ಕರೊಬ್ಬರು ಜೊತೆಗಿರಬೇಕು. ಕೆಲವು ಬಗೆಯ ಔಷಧಗಳನ್ನು ದೂರದಿಂದ ಬರೆದುಕೊಡುವಂತಿಲ್ಲ. ರೋಗಿಯನ್ನು ಖುದ್ದಾಗಿ ನೋಡುವುದು ಅಗತ್ಯವೆಂದು ತೋರಿದರೆ ವೈದ್ಯರು ಯಾವ ಹಂತದಲ್ಲಿಯಾದರೂ ದೂರಸಮಾಲೋಚನೆಯನ್ನು ನಿಲ್ಲಿಸಿ ಬರಹೇಳಬಹುದು. "ಇದನ್ನು ಇಲ್ಲಿಂದಲೇ ಹೇಳಲಾಗದು, ನೀವು ಬರಬೇಕು" ಎನ್ನುವ ವೈದ್ಯರು ಅಸಮರ್ಥರಲ್ಲ. ತಮ್ಮ ಸಾಧನದ ಮಿತಿಯನ್ನು ಬಲ್ಲವರು.

ರೋಗಿಯ ಕಡೆಯಿಂದಲೂ ಸಿದ್ಧತೆ ಬೇಕು. ಹಳೆಯ ಚೀಟಿಗಳು, ಪರೀಕ್ಷೆಯ ವರದಿಗಳು, ಸೇವಿಸುತ್ತಿರುವ ಔಷಧಗಳು ಕೈಗೆಟುಕುವಂತಿರಬೇಕು. ತೊಂದರೆಯು ಎಂದು ಆರಂಭವಾಯಿತು, ಜ್ವರ ಬಂದಿತ್ತೇ, ರಕ್ತ ಕಂಡಿತೇ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಈ ಕಾರ್ಯದಲ್ಲಿ ಓದುಬರಹ ಬಲ್ಲ ಮಕ್ಕಳು ಮನೆಯ ಹಿರಿಯರಿಗೆ ನೆರವಾಗಬಹುದು. ಅಜ್ಜನ ದಿನಚರಿಯನ್ನು ಬರೆದುಕೊಡುವುದು, ವರದಿಯ ಚಿತ್ರವನ್ನು ತೆಗೆದು ಕಳುಹಿಸುವುದು, ವೈದ್ಯರು ಹೇಳಿದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡುವುದು ಚಿಕ್ಕ ಕೆಲಸಗಳೆನಿಸಿದರೂ ಅವುಗಳ ಫಲ ದೊಡ್ಡದು. ಹಿರಿಯರು ಬಿಚ್ಚುಮನಸ್ಸಿನಿಂದ ಮಾತನಾಡಬೇಕಾದಾಗ ಎದ್ದು ಹೊರಗೆ ಹೋಗುವುದೂ ಅಂತಹ ನೆರವುಗಳಲ್ಲೊಂದು.

ದೇವದುರ್ಗದ ರೈತನು ಆ ಕರೆಯ ಬಳಿಕ ನಿಗದಿಯಾದ ದಿನ ಬೆಂಗಳೂರಿಗೆ ಹೋಗಿ ಕೊಳವೆಯನ್ನು ತೆಗೆಸಿಕೊಂಡು ಬರುತ್ತಾನೆ. ಮುಂದಿನ ವಿಚಾರಣೆಗಳು ಅವನ ಊರಿನ ಆರೋಗ್ಯ ಕೇಂದ್ರದಿಂದಲೇ ನಡೆಯುತ್ತವೆ. ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರವಾಗುವಂತೆ ನೀರು ಕುಡಿಯಬೇಕು, ಉಪ್ಪನ್ನು ಮಿತಗೊಳಿಸಬೇಕು ಎಂದು ವೈದ್ಯರು ಅವನಿಗೆ ಹೇಳುತ್ತಾರೆ. ಹೊಲಕ್ಕೆ ಹೋಗುವಾಗ ಬುತ್ತಿಯ ಜೊತೆಗೆ ದೊಡ್ಡ ತಂಬಿಗೆ ನೀರನ್ನೂ ಒಯ್ಯುವ ಅಭ್ಯಾಸ ಅವನಿಗಾಗುತ್ತದೆ. ಹಲವು ಪ್ರಯಾಣಗಳು ಉಳಿದವು. ಮಾಡಲೇಬೇಕಾಗಿದ್ದ ಒಂದು ಪ್ರಯಾಣವು ತಪ್ಪಲಿಲ್ಲ. ಆ ಒಂದರಿಂದಲೇ ಅವನ ಮೂತ್ರಪಿಂಡವು ಉಳಿಯಿತು.

ತಂತಿಯು ಮಾತನ್ನು ಒಯ್ಯುತ್ತದೆ, ಚಿತ್ರವನ್ನು ಒಯ್ಯುತ್ತದೆ, ಕೈಯನ್ನು ಒಯ್ಯಲಾರದು. ಯಾವುದನ್ನು ತಂತಿಗೆ ಒಪ್ಪಿಸಬೇಕು, ಯಾವುದಕ್ಕೆ ಎದ್ದು ಹೊರಡಬೇಕು ಎಂಬ ವಿವೇಕವನ್ನು ಯಂತ್ರವು ಕೊಡುವುದಿಲ್ಲ. ಅದನ್ನು ವೈದ್ಯರೂ ರೋಗಿಯೂ ರೋಗಿಯ ಮನೆಯವರೂ ಕೂಡಿಯೇ ಗಳಿಸಿಕೊಳ್ಳಬೇಕು.